ಆಚೆ ದಡಕ್ಕೆ ಎಸೆದ ಪುಸ್ತಕ

ಸಭೆಗೆ ನಮಸ್ಕಾರ.

ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಯವರಿಗೆ, ಅವರ ಪಕ್ಕದಲ್ಲಿರುವ ಮಗಳಿಗೆ — ಕೈಮುಗಿದು, ತಲೆಬಾಗಿ ನಮಸ್ಕಾರ. ಸೇತುವೆ ಕಚೇರಿಯ ಹಿರಿಯರಿಗೆ, ವೆಲ್ಡರುಗಳಿಗೆ, ಬೋಲ್ಟು ಬಿಗಿದ ಕೈಗಳಿಗೆ, ಬೆಳಗಿನ ರೈಲಿನಲ್ಲಿ ನದಿ ದಾಟಿ ಬಂದು ಮೂರನೇ ಸಾಲಿನ ತುದಿಯಲ್ಲಿ ಕುಳಿತಿರುವ ಆಚೆ ದಡದ ಮೇಡಂ ಅವರಿಗೆ — ಎಲ್ಲರಿಗೂ ನಮಸ್ಕಾರ.

ಈ ಮೈಕನ್ನು ಪಕ್ಕಕ್ಕೆ ಇಡುತ್ತೇನೆ. ಅಹಂಕಾರ ಅಂದುಕೊಳ್ಳಬೇಡಿ. ನಾನು ನಾಟಕದವರ ಮನೆಯಲ್ಲಿ ಹುಟ್ಟಿದವನು. ಕಟ್ಟಕಡೆಯ ಬೆಂಚಿನವನಿಗೆ ಕೇಳದ ಮಾತು ಮಾತೇ ಅಲ್ಲ ಎಂದು ಕಿವಿ ಹಿಂಡಿ ಕಲಿಸಿದವರು ನಮ್ಮಪ್ಪ. ಆಮೇಲೆ ಮೂವತ್ತು ವರ್ಷ ಕ್ರೇನ್ ನಡೆಸಿದೆ. ಅಲ್ಲಿಯೂ ಇದೇ ಗಂಟಲು. ಅದಕ್ಕೇ ನನ್ನನ್ನು ಎಲ್ಲರೂ ‘ನಗಾರಿ’ ಎಂದು ಕರೆಯುವುದು. ಆ ಹೆಸರು ಇಟ್ಟವರು ಇವರು — ಇಗೋ, ಈ ಚೌಕಟ್ಟಿನೊಳಗೆ ನಗದೆ ಕುಳಿತಿರುವವರು.

ನಾವು ಅವರಿಗೆ ಇಟ್ಟ ಹೆಸರು ‘ಕೂದಲೆಳೆ ಸಾಹೇಬರು’. ನಮ್ಮ ದಡದ ಸರ್ವೇ ಮುಖ್ಯಸ್ಥರು. ಬೇರೆಯವರಿಗೆ ಒಂದು ಬೆರಳಷ್ಟು ವ್ಯತ್ಯಾಸ ಅಂದರೆ ‘ಪರವಾಗಿಲ್ಲ’. ಇವರಿಗೆ ಒಂದು ಕೂದಲೆಳೆ ಅಂದರೆ ಊಟ ಸೇರುತ್ತಿರಲಿಲ್ಲ. ನಾನು ಹೊಸ ಮನೆ ಕಟ್ಟಿದಾಗ ಪ್ರೀತಿಯಿಂದ ಕರೆದೆ. ಬಂದರು. ಹೊಸ್ತಿಲಲ್ಲೇ ನಿಂತರು. ಬಾಗಿಲನ್ನು ನೋಡಿದರು — ಹೀಗೆ, ಒಂದು ಕಣ್ಣು ಮುಚ್ಚಿ. “ಎಡಕ್ಕೆ ಮೂರು ಮಿಲಿಮೀಟರ್ ವಾಲಿದೆ,” ಅಂದರು. ನನ್ನ ಹೆಂಡತಿ ಒಳಗಿನಿಂದ ಕೂಗಿದಳು: “ಕಾಫಿ ನೆಟ್ಟಗಿದೆ ಸಾರ್, ಮೊದಲು ಅದನ್ನ ಕುಡೀರಿ!”

ನಗಿ, ನಗಿ. ಅವರಿಗೂ ಆವತ್ತು ನಗು ಬಂದಿತ್ತು.

ಆದರೆ ನಾನು ಇಲ್ಲಿ ನಿಂತಿರುವುದು ನಗಿಸುವುದಕ್ಕಲ್ಲ. ಮೊನ್ನೆ, ಅವರನ್ನು ಕೊನೆಯ ಸಲ ಕಳಿಸಿಕೊಟ್ಟು ಬಂದ ಮೇಲೆ, ಅವರ ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ನನ್ನನ್ನು ಒಂದೇ ಪ್ರಶ್ನೆ ಕೇಳಿದಳು. “ಮಾಮ, ಆ ಪುಸ್ತಕದಲ್ಲಿ ಏನಿತ್ತು?”

ಪುಸ್ತಕ ಎಂದರೆ ಯಾವುದು ಅಂತ ಈ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ‘ನಮ್ಮ ಲೆಕ್ಕವನ್ನೆಲ್ಲ ಆಚೆ ದೇಶಕ್ಕೆ ಎಸೆದವನು’ ಎಂದು ಇಪ್ಪತ್ತೆರಡು ವರ್ಷ ಅವರ ಬೆನ್ನ ಹಿಂದೆ ಆಡಿದ್ದೇವೆ. ಅಂಗಡಿಗೆ ಅವರ ಹೆಂಡತಿ, ನಮ್ಮ ಅತ್ತಿಗೆ, ಬಂದರೆ ಮಾತು ನಿಲ್ಲುತ್ತಿತ್ತು. ಶಾಲೆಯಲ್ಲಿ ಈ ಹುಡುಗಿಯ ಪಕ್ಕದ ಜಾಗ ಖಾಲಿ ಇರುತ್ತಿತ್ತು. ನಾನು ಆವತ್ತು ಅಡುಗೆಮನೆ ಬಾಗಿಲಲ್ಲಿ ಉತ್ತರ ಕೊಡಲಿಲ್ಲ. ಅಲ್ಲಿ ಕೊಟ್ಟರೆ ಅವಳೊಬ್ಬಳಿಗೆ ಕೊಟ್ಟ ಹಾಗೆ. ಅದು ಸಾಲದು. ಅದಕ್ಕೇ ಈ ಸಭೆ, ಅದಕ್ಕೇ ಈ ಗಂಟಲು. ಕೇಳಿ.

ಆ ಸೇತುವೆಯನ್ನು ನೀವೆಲ್ಲ ದಾಟಿದ್ದೀರಿ. ಮೇಲೆ ರಸ್ತೆ, ಕೆಳಗೆ ರೈಲು. ಆದರೆ ಅದು ಸೇತುವೆ ಆಗುವುದಕ್ಕೆ ಮುಂಚೆ ನೀವು ನೋಡಬೇಕಿತ್ತು! ಈ ದಡದಿಂದ ಒಂದು ಉಕ್ಕಿನ ತೋಳು — ಆ ದಡದಿಂದ ಒಂದು ಉಕ್ಕಿನ ತೋಳು. ಕೆಳಗೆ ಒಂದು ಆಸರೆಯೂ ಇಲ್ಲ. ಗಾಳಿಯಲ್ಲಿ, ಬರೀ ಗಾಳಿಯಲ್ಲಿ, ತಿಂಗಳಿಗೆ ಎಂಟೆಂಟು ಮೀಟರ್ ಮುಂದಕ್ಕೆ ಬೆಳೆಯುತ್ತಾ ಬಂದವು. ನಾನು ನನ್ನ ಕ್ರೇನಿನ ಗೂಡಿನಲ್ಲಿ ಕುಳಿತು ಕೆಳಗೆ ನೋಡಿದರೆ ನದಿಯ ಮೇಲೆ ಹೋಗುವ ದೋಣಿ ಅಕ್ಕಿಕಾಳಿನಷ್ಟು. ಬಿಸಿಲೇರಿದರೆ ತೋಳು ಹಿಗ್ಗುತ್ತಿತ್ತು, ಸಂಜೆ ಕುಗ್ಗುತ್ತಿತ್ತು. ಅದಕ್ಕೆ ಉಸಿರಿದೆ ಎಂದು ನಾನು ಬೆಚ್ಚಿಬಿದ್ದ ದಿನಗಳಿವೆ. ಎದುರಿನಿಂದ ಆಚೆ ದೇಶದ ತೋಳು ಬರುತ್ತಿತ್ತು, ಅದರ ತುದಿಯಲ್ಲಿ ಅವರ ಕ್ರೇನು. ನದಿಯ ಎರಡೂ ಕಡೆ ಮಾತು ಒಂದೇ. ಬೈಗುಳ ಮಾತ್ರ ಬೇರೆ ಬೇರೆ. ಆರು ವರ್ಷದಲ್ಲಿ ಅದನ್ನೂ ಪರಸ್ಪರ ಕಲಿತುಕೊಂಡಿದ್ದೆವು.

ಕೊನೆಗೆ ಎರಡು ತೋಳುಗಳ ನಡುವೆ ಉಳಿದದ್ದು ಹನ್ನೆರಡು ಮೀಟರ್ ಬಾಯಿ. ಆ ಬಾಯಿಗೆ ಒಂದೇ ಒಂದು ತುಂಡು ಕೂಡಿಸಬೇಕು. ಎರಡು ಮನೆಗಳನ್ನು ಬೀಗರನ್ನಾಗಿ ಮಾಡುವ ತುಂಡು ಎಂದು ನಾವು ಅದನ್ನು ‘ಬೀಗರ ತುಂಡು’ ಎಂದೇ ಕರೆಯುತ್ತಿದ್ದೆವು. ಅದನ್ನು ಅಳತೆಗೆ ಸರಿಯಾಗಿ ಕತ್ತರಿಸಿ ತಂದು, ನದಿಯಿಂದ ಎತ್ತಿ, ಮೇಲೆ ಕೂರಿಸಬೇಕು.

ಈಗ ಅಳತೆಯ ಮಾತು. ಎರಡು ದೇಶಗಳಿಗೆ ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಎಷ್ಟಿತ್ತು ಅಂದರೆ — ‘ನಿನ್ನ ತೋಳನ್ನು ನೀನು ಅಳೆಯಬೇಡ, ನಾನು ಅಳೆಯುತ್ತೇನೆ; ನನ್ನದನ್ನು ನೀನು ಅಳೆ.’ ಇದು ಒಪ್ಪಂದ. ಎರಡೂ ತೋಳುಗಳ ತುದಿಯಲ್ಲಿ ಒಂದೊಂದು ದೀಪ ಕಟ್ಟುವುದು. ಎದುರು ದಡದ ದುರ್ಬೀನಿನಿಂದ ಆ ದೀಪವನ್ನು ನೋಡಿ ಎತ್ತರ ಬರೆದುಕೊಳ್ಳುವುದು. ಆ ಹೊತ್ತಿಗೆ ತುದಿಯಲ್ಲಿ ಕ್ರೇನ್ ಇರಕೂಡದು. ತೊಂಬತ್ತು ಟನ್ ಭಾರ ಕುಳಿತರೆ ತೋಳು ಬಗ್ಗುತ್ತದಲ್ಲ! ಹಾಗಾಗಿ ಎರಡೂ ಕ್ರೇನುಗಳು ದಡದ ಹತ್ತಿರಕ್ಕೆ ಹಿಂದೆ ಸರಿಯಬೇಕು, ಅರ್ಧ ಗಂಟೆ. ಆಜ್ಞೆಯ ಕಾಗದ ಬರೆದವರು ನಮ್ಮ ಕೂದಲೆಳೆ ಸಾಹೇಬರು. ಎರಡೂ ದಡಕ್ಕೆ ಒಂದೇ ಕಾಗದ. ಅದರಲ್ಲಿ ಎಲ್ಲ ಇತ್ತು. ದೀಪದ ಎತ್ತರ, ಗಾಳಿಯ ವೇಗ, ಯಾರು ಎಲ್ಲಿ ನಿಲ್ಲಬೇಕು. ಹೊತ್ತು? ‘ಬೆಳಿಗ್ಗೆ ಐದು ಗಂಟೆಗೆ.’

ನಿಮ್ಮಲ್ಲಿ ಕೆಲವರು ಆಗಲೇ ತಲೆ ಮೇಲೆ ಕೈ ಇಟ್ಟುಕೊಂಡಿರಿ. ಹೌದು. ಆಚೆ ದಡದ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ.

ಆರು ವರ್ಷ ಜೊತೆಗೆ ಕೆಲಸ ಮಾಡಿದ್ದೇವೆ, ಫೋನು ಎತ್ತಿದರೆ ಮೊದಲ ಮಾತೇ “ನಿಮ್ಮ ಎಷ್ಟು ಗಂಟೆ?” ಆದರೂ ಆ ಒಂದು ಕಾಗದದಲ್ಲಿ ‘ಯಾರ ಐದು’ ಎಂದು ಬರೆಯುವುದು ಬಿಟ್ಟುಹೋಯಿತು. ಕೂದಲೆಳೆ ಬಿಡದವರು ಒಂದು ಇಡೀ ಗಂಟೆ ಬಿಟ್ಟರು! ನಮ್ಮವರು ನಮ್ಮ ಐದಕ್ಕೆ ಅಳೆದರು. ಆಗ ಅವರಲ್ಲಿ ನಾಲ್ಕು, ಅವರ ಕ್ರೇನ್ ಇನ್ನೂ ತುದಿಯಲ್ಲೇ ಇತ್ತು. ಅವರು ತಮ್ಮ ಐದಕ್ಕೆ ಅಳೆದರು. ಆಗ ನಮ್ಮಲ್ಲಿ ಆರು, ನಾನು ಆಗಲೇ ಕ್ರೇನನ್ನು ತುದಿಗೆ ವಾಪಸ್ ತಂದಿದ್ದೆ. ದಟ್ಟ ಮಂಜು. ದೀಪ ಬಿಟ್ಟರೆ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಎರಡೂ ತೋಳು ಬಗ್ಗಿದ್ದಾಗಲೇ ಅಳೆದದ್ದು. ಇನ್ನೂ ಸೋಜಿಗ ಕೇಳಿ: ಎರಡೂ ಒಂದೇ ಸಮನೆ ಬಗ್ಗಿದ್ದವು! ಲೆಕ್ಕ ಲೆಕ್ಕಕ್ಕೆ ತಾಳೆಯಾಯಿತು. ಎರಡು ತಪ್ಪುಗಳು ಕೈಕುಲುಕಿಕೊಂಡವು. ಯಾರಿಗೂ ಅನುಮಾನ ಬರಲಿಲ್ಲ. ಬಗ್ಗಿದ ತೋಳುಗಳ ಆ ಲೆಕ್ಕ ಹಿಡಿದು ಬೀಗರ ತುಂಡನ್ನು ಕತ್ತರಿಸಿದರು.

ಎತ್ತುವ ಹಿಂದಿನ ದಿನ. ಮಧ್ಯಾಹ್ನ. ತುಂಡು ತೆಪ್ಪದ ಮೇಲೆ ಬಂದು ನಿಂತಿದೆ. ಎರಡು ದೇಶದ ಮಂತ್ರಿಗಳೂ ಬೆಳಿಗ್ಗೆ ಬರುವವರಿದ್ದಾರೆ. ತೇಲುವ ಕ್ರೇನ್ ನಡೆಸಲು ನನ್ನನ್ನೇ ಆರಿಸಿದ್ದಾರೆ — ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ ನನಗೆ! ಕ್ಯಾಂಟೀನಿನಲ್ಲಿ ಹತ್ತು ಜನರನ್ನು ಸುತ್ತ ಕೂರಿಸಿಕೊಂಡು ಕಥೆ ಬಿಡುತ್ತಿದ್ದೆ. “ಆವತ್ತು ಅಳತೆಯ ದಿನ, ನಾನು ಕ್ರೇನ್ ತುದಿಗೆ ತಂದು ಟೀ ಕುಡೀತಾ ಕೂತಿದೀನಿ. ಅಷ್ಟು ಹೊತ್ತಾದ್ಮೇಲೆ ಆಚೆಯವ್ರು ದೀಪ ಮೂರು ಸಲ ಮಿನುಗಿಸಿದ್ರು ಕಣ್ರಯ್ಯ! ಅಳತೆ ಮುಗೀತು ಅಂತ ಸನ್ನೆ. ಸೋಮಾರಿಗಳು, ಈಗ ಎದ್ರೇನೋ ಅಂದ್ಕೊಂಡೆ. ನಾನೂ ಟಾರ್ಚ್ ತಗೊಂಡು ಮೂರು ಸಲ ಮಿನುಗಿಸಿ ಗುಡ್ ಮಾರ್ನಿಂಗ್ ಹೇಳ್ದೆ!”

ಎಲ್ಲರೂ ನಕ್ಕರು. ಮೂಲೆಯ ಮೇಜಿನಲ್ಲಿ ಸಾಹೇಬರ ಕೈಯಿಂದ ಒಂದು ಚಮಚ ತಟ್ಟೆಗೆ ಬಿತ್ತು.

“ನಗಾರಿ, ಎಷ್ಟು ಗಂಟೆಗೆ?”

“ಆರು ದಾಟಿತ್ತು ಸಾರ್. ಐದು ನಿಮಿಷ.”

ಅವರ ಮುಖ — ನಾನು ಎಷ್ಟೋ ನಾಟಕಗಳಲ್ಲಿ ರಾಜ್ಯ ಕಳೆದುಕೊಂಡ ರಾಜನನ್ನು ನೋಡಿದ್ದೇನೆ. ಆ ಬಣ್ಣ ಹಚ್ಚಿಕೊಂಡ ಮುಖಗಳೆಲ್ಲ ಆವತ್ತಿನಿಂದ ನನಗೆ ಸುಳ್ಳಾದವು. ಅವರು ಎದ್ದರು. ದೊಡ್ಡ ಸಾಹೇಬರಿಗೆ ಫೋನ್ ಮಾಡಿದರು. ಅವರು ಮಂತ್ರಿಗಳ ಜೊತೆ ದಾರಿಯಲ್ಲಿದ್ದರು. “ಏನೇ ಇದ್ರೂ ನಾಳೆ ಎತ್ತಿದ್ಮೇಲೆ ನೋಡೋಣ,” ಎಂದು ಇಟ್ಟುಬಿಟ್ಟರು. ದಿನದ ಕೆಲಸದ ಮಾತಿಗೆ ಫೋನ್ ಇತ್ತು; ಆಚೆ ದಡದವರ ಜೊತೆ ಅಳತೆಯ ಮಾತಾಡಬೇಕಾದರೆ ಮೇಲಿನವರ ಅನುಮತಿ ಬೇಕು. ಅದಕ್ಕೆ ಎರಡು ದಿನ.

“ನಗಾರಿ, ನಿನ್ನ ಗಂಟಲು ಹನ್ನೆರಡು ಮೀಟರ್ ದಾಟತ್ತಾ?”

“ಹನ್ನೆರಡೇನು ಸಾರ್, ಹನ್ನೆರಡು ಫರ್ಲಾಂಗ್ ಹೇಳಿ!”

ಸಂಜೆ ಮಸುಕಾಗುವ ಹೊತ್ತಿಗೆ ತೋಳಿನ ತುದಿಗೆ ನಡೆದೆವು. ಇನ್ನೊಂದು ಹೆಜ್ಜೆ ಇಟ್ಟರೆ ನದಿ. ನಾನು ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದೆ — “ಮೇಡಂ! ಸರ್ವೇ ಮೇಡಂ! ತುದಿಗೆ ಬನ್ನೀ!” ಆಚೆ ತೋಳಿನ ಮೇಲೆ ಸಣ್ಣದೊಂದು ಆಕೃತಿ ಓಡುತ್ತಾ ಬಂತು. ಈ ಮೇಡಂ ಅವರೇ. ಒಂದು ತುದಿಯಲ್ಲಿ ಇವರು, ಇನ್ನೊಂದು ತುದಿಯಲ್ಲಿ ಅವರು, ನಡುವೆ ಆಕಾಶ. ಕೂದಲೆಳೆ ಸಾಹೇಬರದ್ದು ಪಿಸುಧ್ವನಿ. ಹೇಳಿದ್ದು ಮೂರು ಅಡಿ ದಾಟುವುದಿಲ್ಲ. ಹಾಗಾಗಿ ಅವರು ನನ್ನ ಕಿವಿಗೆ ಹೇಳುವುದು, ನಾನು ಗುಡುಗುವುದು.

“ಅಳತೆ ಮಾಡಿದ್ದು ಯಾರ ಐದಕ್ಕೆ — ನಿಮ್ಮ ಐದಕ್ಕೋ, ನಮ್ಮ ಐದಕ್ಕೋ?”

ಆಕೆ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು — “ನಮ್ಮ ಐದಕ್ಕೆ!”

“ಆಗ ನಮ್ಮ ಕ್ರೇನ್ ತುದೀಲಿತ್ತು!”

“ಅಯ್ಯೋ... ಹಾಗಾದ್ರೆ ನೀವು ಅಳೆಯೋವಾಗ ನಮ್ಮದೂ ಇತ್ತು!”

ಇಬ್ಬರೂ ಒಂದೇ ಸಲ ಆ ಹನ್ನೆರಡು ಮೀಟರ್ ಬಾಯಿಯನ್ನು ನೋಡಿದರು. ಈಗ ಹೊಸ ಲೆಕ್ಕ ಹಾಕಬೇಕು, ಇಬ್ಬರೂ ಹಾಕಬೇಕು, ಬೆಳಗಾಗುವುದರೊಳಗೆ. ಅದಕ್ಕೆ ನಮ್ಮ ಅಂಕಿಗಳು ಆಕೆಗೆ ಬೇಕು. ಸಾಹೇಬರು ಜೇಬಿನಿಂದ ತಮ್ಮ ಅಳತೆಯ ಪುಸ್ತಕ ತೆಗೆದರು. ಅಂಗೈಯಗಲದ್ದು, ನೀಲಿ ರಟ್ಟಿನದು. ನೆಲದಲ್ಲಿ ಬಿದ್ದಿದ್ದ ಒಂದು ಬೋಲ್ಟನ್ನು ಅದಕ್ಕೆ ದಾರದಿಂದ ಕಟ್ಟಿದರು. ಜೀವಮಾನದಲ್ಲಿ ಒಂದು ಕಲ್ಲನ್ನೂ ಎಸೆದವರಲ್ಲ. ಎಸೆದರು!

ಅದು ಹೋಗುತ್ತಿದೆ... ಹೋಗುತ್ತಿದೆ... ಆಕೆ ಮಂಡಿಯೂರಿ, ಎರಡೂ ಕೈ ಚಾಚಿ ಹಿಡಿದರು.

ಎರಡು ದೇಶಗಳು ಆರು ವರ್ಷದಲ್ಲಿ ಮೊದಲ ಸಲ ಕೂಡಿದ್ದು ಆ ಕ್ಷಣದಲ್ಲಿ ಎಂದು ನಾನು ಇವತ್ತಿಗೂ ನಂಬಿದ್ದೇನೆ. ಆದರೆ ನಮ್ಮ ಸೇತುವೆ ಕಂಬದ ಮೇಲಿದ್ದ ಗಡಿ ಕಾವಲುಗಾರನಿಗೆ ಕಂಡದ್ದು ಬೇರೆ. ಮಸುಕಿನಲ್ಲಿ ಒಬ್ಬ ಅಧಿಕಾರಿ ಗಡಿಯಾಚೆಗೆ ಏನನ್ನೋ ಎಸೆದ.

ಮಾರನೆಯ ಬೆಳಿಗ್ಗೆ. ಶಾಮಿಯಾನ, ಕುರ್ಚಿಗಳು, ಎರಡು ದೇಶದ ಬಾವುಟಗಳು. ನಾನು ಎತ್ತುವ ಅಪ್ಪಣೆಗೆ ಕಾಯುತ್ತಾ ದೊಡ್ಡ ಸಾಹೇಬರ ಪಕ್ಕದಲ್ಲೇ ನಿಂತಿದ್ದೇನೆ. ಸಾಹೇಬರು ನಿದ್ದೆಯಿಲ್ಲದ ಕಣ್ಣಿನಲ್ಲಿ ದೊಡ್ಡ ಸಾಹೇಬರ ಮುಂದೆ ಹೋಗಿ ನಿಂತರು.

“ಎತ್ತಬಾರದು ಸಾರ್. ತುಂಡು ತಪ್ಪಾಗಿದೆ.”

“ಎಷ್ಟು ತಪ್ಪು?”

“ಮೂವತ್ತೊಂದು ಮಿಲಿಮೀಟರ್.”

“ಏನ್ರೀ! ಒಂದೂಕಾಲು ಇಂಚಿಗೆ ಎರಡು ದೇಶದ ಮಂತ್ರಿಗಳನ್ನ ವಾಪಸ್ ಕಳಿಸ್ಬೇಕಾ? ಜಾಕಿ ಹಾಕಿ ಎಳೀರಿ, ಕೂತ್ಕೊಳತ್ತೆ.”

“ಕೂತ್ಕೊಳತ್ತೆ ಸಾರ್. ಮೇಲೆ ಕಾರುಗಳೂ ಓಡ್ತವೆ. ಆದ್ರೆ ಎಳೆದು ಕೂರಿಸಿದ ಉಕ್ಕು ಅದನ್ನ ಮರೆಯೋದಿಲ್ಲ. ಒಂದೊಂದು ರೈಲು ಹೋದಾಗ್ಲೂ ಜ್ಞಾಪಿಸ್ಕೊಳತ್ತೆ. ಹತ್ತು ವರ್ಷಕ್ಕೋ, ಇಪ್ಪತ್ತಕ್ಕೋ — ಯಾವ ರೈಲು ಅಂತ ಮಾತ್ರ ನಾನು ಹೇಳಲಾರೆ.”

“ತಪ್ಪು ಯಾರದು? ಅವರದಾ?”

ನೋಡಿ, ಎಂಥ ಅವಕಾಶ! ‘ಅವರದು’ ಎಂದರೆ ಮುಗಿದುಹೋಗುತ್ತಿತ್ತು. ಹಾರ ಹಾಕುತ್ತಿದ್ದರು. ಕೂದಲೆಳೆ ಸಾಹೇಬರು ಎರಡು ದೇಶದ ಮಂತ್ರಿಗಳ ಮುಂದೆ, ಅದೇ ಪಿಸುಧ್ವನಿಯಲ್ಲಿ ಹೇಳಿದರು: “ನನ್ನದು. ಐದು ಗಂಟೆ ಅಂತ ಬರೆದೆ. ಯಾರ ಐದು ಅಂತ ಬರೀಲಿಲ್ಲ.”

ಸ್ನೇಹಿತರೇ, ನಾನು ಮುನ್ನೂರು ಟನ್ ಎತ್ತಿದ್ದೇನೆ. ಆ ಮಾತಿನಷ್ಟು ಭಾರವಾದದ್ದನ್ನು ಒಬ್ಬ ಮನುಷ್ಯ ಎತ್ತಿದ್ದನ್ನು ನಾನು ನೋಡಿಲ್ಲ.

ಮಂತ್ರಿಗಳು ವಾಪಸ್ ಹೋದರು. ವಿಚಾರಣೆ ಶುರುವಾಯಿತು. ತಪ್ಪಿನ ಬಗ್ಗೆ ಅಲ್ಲ. ಅದನ್ನು ಅವರೇ ಒಪ್ಪಿಕೊಂಡಿದ್ದರಲ್ಲ. ಪುಸ್ತಕದ ಬಗ್ಗೆ. ಏನು ಎಸೆದಿರಿ, ಯಾಕೆ ಎಸೆದಿರಿ, ಜೊತೆಗೆ ಯಾರಿದ್ದರು? ವಿಚಾರಣೆಯ ಹಿಂದಿನ ದಿನವೇ ಸಾಹೇಬರು ನನ್ನನ್ನು ಕರೆದು ಹೇಳಿದ್ದರು: “ನೀನು ಅಲ್ಲಿರಲಿಲ್ಲ.”

“ಇದ್ದೆನಲ್ಲ ಸಾರ್! ನಾನು ಹೇಳ್ತೀನಿ. ಬರೀ ಅಂಕಿ ಅಂತ ಹೇಳ್ತೀನಿ.”

“ಹೇಳಿದ್ರೆ ಇಬ್ರನ್ನೂ ತೆಗೀತಾರೆ. ಹೊಸ ತುಂಡು ಬರತ್ತೆ. ಮುನ್ನೂರು ಟನ್ನನ್ನ ಮಗು ಎತ್ತಿದ ಹಾಗೆ ಎತ್ತೋಕೆ ಈ ನದಿ ಮೇಲೆ ನೀನೊಬ್ಬನೇ ಇರೋದು. ಸೇತುವೆ ಮುಗಿಯೋವರೆಗೆ ಬಾಯ್ಮುಚ್ಕೊಂಡು ಕ್ರೇನ್ ಹತ್ತು.”

ವಿಚಾರಣೆಯ ದಿನ ನಾನು ಅರೆತೆರೆದ ಬಾಗಿಲ ಹೊರಗೆ, ಸಾಹೇಬರ ಕುರ್ಚಿಯ ಬೆನ್ನಿಗೇ ಇದ್ದ ಬೆಂಚಿನ ಮೇಲೆ ಕುಳಿತಿದ್ದೆ. ಒಳಗೆ ಕಾವಲುಗಾರ ಹೇಳುತ್ತಿದ್ದ: “ಗುಡುಗಿದ ಹಾಗೆ ಕೂಗಿದ್ರು ಸಾರ್. ನಮ್ಮ ಕಂಬ ಅದುರ್ತು.”

“ಆ ಧ್ವನಿ ಯಾರದು?” ಎಂದು ಅಧಿಕಾರಿ ಕೇಳಿದರು.

“ನನ್ನದೇ,” ಅಂದರು ನಮ್ಮ ಸಾಹೇಬರು.

“ಏನಂದ್ರಿ?”

“ನನ್ನದೇ ಸಾರ್.”

“ಜೋರಾಗಿ ಹೇಳ್ರೀ, ಇಲ್ಲಿಗೇ ಕೇಳಿಸ್ತಿಲ್ಲ!”

ಮೇಜಿನ ಆಚೆಗೆ ಕೇಳಿಸದ ಧ್ವನಿ ನದಿಯ ಆಚೆಗೆ ಕೇಳಿಸಿತು ಎಂದು ಮೂರು ಜನ ಅಧಿಕಾರಿಗಳು ಬರೆದುಕೊಂಡರು. ‘ಜೊತೆಗೆ ಯಾರೂ ಇರಲಿಲ್ಲ.’ ಆಚೆ ಮೇಡಂ ಎಷ್ಟು ಪತ್ರ ಬರೆದರೂ ಅದು ಪರದೇಶದ ಸಾಕ್ಷಿ ಎಂದು ಪಕ್ಕಕ್ಕಿಟ್ಟರು. ಪುಸ್ತಕ ಅವರ ಸರ್ಕಾರದ ಕಡತಕ್ಕೆ ಸೇರಿತು. ದ್ರೋಹ ರುಜುವಾತಾಗಲಿಲ್ಲ; ಆದರೆ ಮುಖ್ಯಸ್ಥರ ಕುರ್ಚಿ ಹೋಯಿತು. ಬೇರೆ ಊರಿಗೆ ಹೋಗಿ ಎಂದರು. ಅವರು ಒಂದೇ ಒಂದು ಬೇಡಿದರು: “ಸೇತುವೆ ಮುಗಿಯೋವರೆಗೆ ಇರ್ತೀನಿ. ಯಾವ ಕೆಲಸ ಆದ್ರೂ ಸರಿ.”

ಅಳತೆಕೋಲು ಹಿಡಿಯುವ ಕೆಲಸ ಕೊಟ್ಟರು; ಆಮೇಲೂ ಅವರು ಈ ಊರು ಬಿಡಲಿಲ್ಲ. ತಾವೇ ಕೈಹಿಡಿದು ಕಲಿಸಿದ ಕಿರಿಯ ಎಂಜಿನಿಯರ್ ದುರ್ಬೀನಿನ ಹಿಂದೆ. ಇವರು ಕೋಲು ಹಿಡಿದು ಬಿಸಿಲಲ್ಲಿ. ಆ ಹುಡುಗ ನಾಚಿಕೆಯಿಂದ ತೊದಲುತ್ತಿದ್ದ: “ಸಾರ್, ಸ್ವಲ್ಪ... ದಯವಿಟ್ಟು... ಎಡಕ್ಕೆ...” ಇವರು ಗದರುತ್ತಿದ್ದರು: “ದಯವಿಟ್ಟು ಅಂದ್ರೆ ಎಷ್ಟು ಮಿಲಿಮೀಟರ್ ಅದು? ಸರಿಯಾಗಿ ಹೇಳಯ್ಯಾ!”

ಏಳು ವಾರ. ಹೊಸ ಅಳತೆ, ಹೊಸ ತುಂಡು.

ಆ ಬೆಳಿಗ್ಗೆ ಮಂತ್ರಿಗಳಿರಲಿಲ್ಲ, ಶಾಮಿಯಾನ ಇರಲಿಲ್ಲ. ಗಾಳಿ ಇರಲಿಲ್ಲ. ನದಿ ಎಣ್ಣೆ ಸುರಿದ ಹಾಗೆ ನಿಂತಿತ್ತು. ನಾನು ಲಿವರ್ ಎಳೆದೆ. ಮುನ್ನೂರು ಟನ್ ತೆಪ್ಪದಿಂದ ಎದ್ದಿತು. ಒಂದು ಗಂಟೆ... ಎರಡು ಗಂಟೆ... ಕೂದಲು ಬೆಳೆಯುವಷ್ಟು ನಿಧಾನ. ಎರಡೂ ತೋಳುಗಳ ಮೇಲೆ ನಾನೂರು ಜನ ಬಗ್ಗಿ ನೋಡುತ್ತಿದ್ದರು. ತುಂಡು ಬಾಯಿಗೆ ಬಂತು. ಈ ಕಡೆ ಬೆರಳು ತೂರದಷ್ಟು ಜಾಗ. ಆ ಕಡೆ ಬೆರಳು ತೂರದಷ್ಟು ಜಾಗ. ಇಳಿಸಿದೆ. ಜಾಕಿ ಇಲ್ಲ, ಸುತ್ತಿಗೆ ಇಲ್ಲ. ನಮ್ಮ ಬೋಲ್ಟು ಮೇಸ್ತ್ರಿ ಮೊದಲ ಬೋಲ್ಟನ್ನು ರಂಧ್ರಕ್ಕಿಟ್ಟು — ಹೀಗೆ, ಹೆಬ್ಬೆರಳಿನಿಂದ — ಒತ್ತಿದ. ಬರೀ ಹೆಬ್ಬೆರಳಿನಿಂದ! ಬೆಣ್ಣೆಗೆ ಬೆರಳು ಇಟ್ಟ ಹಾಗೆ ಒಳಗೆ ಹೋಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಾಗೆ ತಟ್ಟುವಂಥದ್ದಾಗಿರಲಿಲ್ಲ ಅದು. ದೊಡ್ಡವರೊಬ್ಬರು ಮನೆಗೆ ಬಂದಾಗ ಸುಮ್ಮನೆ ಎದ್ದು ನಿಲ್ಲುತ್ತೇವಲ್ಲ, ಹಾಗೆ ನಿಂತಿದ್ದರು ಎಲ್ಲರೂ. ನಾನು ಗೂಡಿನಿಂದ ತಲೆಯೆತ್ತಿ ನೋಡಿದೆ. ತುದಿಯಲ್ಲಿ ಕೂದಲೆಳೆ ಸಾಹೇಬರು ಅಳತೆಕೋಲು ಹಿಡಿದು ನಿಂತಿದ್ದರು. ಆಚೆ ದಡದ ಮೇಡಂ ಹನ್ನೆರಡು ಮೀಟರ್ ಉಕ್ಕಿನ ಮೇಲೆ ನಡೆದು ಬಂದು ಅವರ ಮುಂದೆ ನಿಂತರು. ಮೊದಲ ಸಲ ದಾಟಿದವರು ಆಕೆ.

ದಿನಕ್ಕೆ ನಲವತ್ತು ರೈಲು, ಇಪ್ಪತ್ತೆರಡು ವರ್ಷ. ಆ ಉಕ್ಕಿಗೆ ಜ್ಞಾಪಿಸಿಕೊಳ್ಳಲು ಏನೂ ಇಲ್ಲ.

ಮಗಳೇ, ಈಗ ನಿನ್ನ ಪ್ರಶ್ನೆ. ಪುಸ್ತಕದಲ್ಲಿ ಅಂಕಿಗಳಿದ್ದವು. ನಮ್ಮ ದೇಶದ ಗುಟ್ಟು ಒಂದೂ ಇರಲಿಲ್ಲ. ನಮ್ಮ ತೋಳು, ಅವರ ತೋಳು, ಅಷ್ಟೇ. ಅದನ್ನು ತೆರೆದು ಓದಿದವರು ಮೇಡಂ. ಇವತ್ತು ಬೆಳಿಗ್ಗೆ ಸ್ಟೇಷನ್ನಿನಲ್ಲಿ ನನಗೆ ಇನ್ನೊಂದು ಹೇಳಿದರು. ಕೊನೆಯ ಹಾಳೆಯಲ್ಲಿ ಒಂಬತ್ತು ಸಾಲು ಇತ್ತಂತೆ. ನಿನ್ನ ಒಂದನೇ ವರ್ಷದಿಂದ ಒಂಬತ್ತನೇ ವರ್ಷದವರೆಗೆ, ವರ್ಷಕ್ಕೊಂದು. ಕೊನೆಯ ಸಾಲು ಆಕೆಗೆ ಇನ್ನೂ ಬಾಯಿಪಾಠ: ‘ಸಾವಿರದ ಇನ್ನೂರ ಎಂಬತ್ತನಾಲ್ಕು ಮಿಲಿಮೀಟರ್. ಚಪ್ಪಲಿ ಇಲ್ಲದೆ. ಹಿಮ್ಮಡಿ ಎತ್ತಿದ್ದಳು, ಮತ್ತೆ ಅಳೆದೆ.’

ಇದು ಆಚೆ ದೇಶಕ್ಕೆ ಹೋದ ಗುಟ್ಟು.

ಅಳು ತಾಯಿ. ನಾನು ಹೇಳಬೇಕಾದ್ದು ಇನ್ನೂ ಸ್ವಲ್ಪ ಇದೆ.

ಸೇತುವೆ ಮುಗಿಯುವವರೆಗೆ ಬಾಯಿ ಮುಚ್ಚು ಅಂದಿದ್ದರು ನಿಮ್ಮಪ್ಪ. ಸೇತುವೆ ಮುಗಿಯಿತು. ಆಮೇಲೆ ಮುಚ್ಚು ಎಂದು ಯಾರೂ ಹೇಳಿರಲಿಲ್ಲ. ಮುಚ್ಚಿಕೊಂಡವನು ನಾನು. ಕೆಲಸದ ಭಯ, ಆಮೇಲೆ ನಾಚಿಕೆಯ ಭಯ, ಆಮೇಲೆ ‘ಇಷ್ಟು ವರ್ಷ ಯಾಕೆ ಹೇಳಲಿಲ್ಲ’ ಎಂದು ಕೇಳಿಸಿಕೊಳ್ಳುವ ಭಯ. ಅತ್ತಿಗೆ, ನಿಮ್ಮ ಮನೆಯಲ್ಲಿ ಕುಳಿತು ಊಟ ಮಾಡಿದ್ದೇನೆ. ನೀವು ಬಡಿಸಿದ್ದೀರಿ. ಅವರು ಎದುರಿಗೆ ಕುಳಿತು ಒಂದು ದಿನವೂ, ಒಂದು ನೋಟದಲ್ಲೂ ಕೇಳಲಿಲ್ಲ. ಕೂದಲೆಳೆ ತಪ್ಪನ್ನು ಬಿಡದವರು ನನ್ನ ತಪ್ಪನ್ನು ಇಪ್ಪತ್ತೆರಡು ವರ್ಷ ಅಳೆಯಲೇ ಇಲ್ಲ.

ಆ ವಿಚಾರಣೆಯ ಕಡತದಲ್ಲಿ ಇವತ್ತಿಗೂ ಬರೆದಿದೆ: ‘ಜೊತೆಗೆ ಯಾರೂ ಇರಲಿಲ್ಲ.’ ಸುಳ್ಳು! ನಾನಿದ್ದೆ. ಆ ಧ್ವನಿ ನನ್ನದು — ಈ ಧ್ವನಿ! ಕೊನೆಯ ಬೆಂಚಿನವರಿಗೆ ಕೇಳಿಸಿತೇ? ಅದನ್ನೆಲ್ಲ ಬರೆದು, ಸಹಿ ಮಾಡಿ, ಇಗೋ, ಕಚೇರಿಯ ಹಿರಿಯರ ಕೈಗೆ ಈ ಸಭೆಯ ಮುಂದೆ ಕೊಡುತ್ತಿದ್ದೇನೆ. ನನ್ನನ್ನು ಏನು ಮಾಡುತ್ತಾರೋ ಮಾಡಲಿ. ಈ ಮನೆಯವರು ನಾಳೆ ಅಂಗಡಿಗೆ ಹೋದಾಗ ಮಾತು ನಿಲ್ಲಬಾರದು. ನಿಂತರೆ ಅದು ಗೌರವಕ್ಕೆ ನಿಲ್ಲಬೇಕು.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ. ಹೆದರಿಕೊಂಡು ಸುಮ್ಮನಿದ್ದು ಬಾಳು ಸವೆಸಿದವನು ನಾನು. ತಲೆಬಾಗಿ ಸುಮ್ಮನಾಗುವುದು ಹೇಗೆಂದು ನನಗೆ ಗೊತ್ತಿಲ್ಲ. ನೀವು ಜೊತೆಗೆ ನಿಂತರೆ ಕಲಿಯುತ್ತೇನೆ.

ಎದ್ದೇಳಿ.